ಡ್ಯಾಮೇಜ್ ಮೊದಲೋ, ಫೀಲ್ ನೋ ಪೇನ್ ಮೊದಲೋ? ದಾಳ ಉರುಳಿಸುವ ಕ್ರಮದ ಬಗ್ಗೆ ಕೇಳಬೇಕಿತ್ತು

ಕುಂಬಳೆ_ದಾಳ:
ಎಲ್ಲರಿಗೂ ನಮಸ್ಕಾರ. ನಮ್ಮದು ಕುಂಬಳೆ, ಬದಿಯಡ್ಕ, ನೀರ್ಚಾಲು ಕಡೆಯವರ ಸಣ್ಣ ಗುಂಪು. ವಾರ್‌ಹ್ಯಾಮರ್ 40,000 (40ಕೆ) ಆಡುತ್ತೇವೆ, ಮೇಜಿನ ಮೇಲೆ ಸಣ್ಣ ಗೊಂಬೆಗಳ ಸೈನ್ಯ ಇಟ್ಟು ದಾಳ ಉರುಳಿಸುವ ಯುದ್ಧದ ಆಟ, 10ನೇ ಆವೃತ್ತಿ. ಈ ಭಾನುವಾರ ಒಂದು ವಿಷಯಕ್ಕೆ ಆಟ ಅರ್ಧದಲ್ಲೇ ನಿಂತಿತು.

ಗುಂಡು ತಿಂದ ಯೂನಿಟ್‌ನಲ್ಲಿ (ಒಟ್ಟಿಗೆ ಆಡುವ ಗುಂಪು) ಪ್ರತಿ ಮಾಡೆಲ್‌ಗೂ (ಗೊಂಬೆ) 2 ವೂಂಡ್, ಅಂದರೆ ಎರಡು ಪ್ರಾಣ, ಜೊತೆಗೆ 5+ ಫೀಲ್ ನೋ ಪೇನ್ (ದಾಳ 5 ಅಥವಾ 6 ಬಿದ್ದರೆ ನೋವು ತಾಗದ ಶಕ್ತಿ). ಹೊಡೆದ ಆಯುಧದ ಡ್ಯಾಮೇಜ್ 2, ಅಂದರೆ ಒಂದು ಪೆಟ್ಟಿಗೆ ಎರಡು ವೂಂಡ್ ಕಳೆಯುತ್ತದೆ. ಮೂರು ಸೇವ್ (ಪೆಟ್ಟು ತಡೆಯುವ ದಾಳ) ತಪ್ಪಿತು. ಈಗ ಫೀಲ್ ನೋ ಪೇನ್ ಹೇಗೆ ಉರುಳಿಸುವುದು? ಒಬ್ಬರು ಪೆಟ್ಟಿಗೊಂದರಂತೆ ಮೂರು ದಾಳ ಅಂದರು. ಇನ್ನೊಬ್ಬರು ಆರೂ ದಾಳ ಒಟ್ಟಿಗೆ ಹಾಕು ಅಂದರು. ಮತ್ತೊಬ್ಬರದ್ದು ಎರಡೆರಡಾಗಿ ಹಾಕಬೇಕು ಅಂತ ವಾದ. ಮೂರು ಜನ, ಮೂರು ಲೆಕ್ಕ. ಯಾವುದು ಸರಿ?

ಇನ್ನೊಂದು ಪ್ರಶ್ನೆಯೂ ಉಂಟು. ಡ್ಯಾಮೇಜ್ ಒಂದು ಕಡಿಮೆ ಮಾಡುವ ಶಕ್ತಿ ಇದ್ದರೆ ಅದು ಫೀಲ್ ನೋ ಪೇನ್‌ಗೆ ಮೊದಲೋ, ಆಮೇಲೋ?

ಮುರಕಲ್ಲು_ಕೋಟೆ:
ಎರಡೆರಡಾಗಿ ಹಾಕಬೇಕು ಅಂದವರೇ ಸರಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಇದು ಗೊತ್ತಾದರೆ ಅರ್ಧ ಜಗಳ ಮುಗಿಯುತ್ತದೆ.

ಒಂದು ಪೆಟ್ಟಿನ ದಾರಿ ಹೀಗೆ. ಮೊದಲು ಹಿಟ್ ರೋಲ್. ಆಮೇಲೆ ವೂಂಡ್ ರೋಲ್, ಅಂದರೆ ಆಯುಧದ ಸ್ಟ್ರೆಂತ್‌ಗೂ ಎದುರಿನವನ ಟಫ್‌ನೆಸ್‌ಗೂ ತಾಳೆ ನೋಡುವುದು. ಆಮೇಲೆ ಆ ಪೆಟ್ಟು ಯಾವ ಮಾಡೆಲ್‌ಗೆ ಅಂತ ಹಂಚುವುದು. ಆಮೇಲೆ ಸೇವ್. ಸೇವ್ ತಪ್ಪಿದರೆ ಡ್ಯಾಮೇಜ್. ಆ ಡ್ಯಾಮೇಜ್‌ನಿಂದ ವೂಂಡ್ ಹೋಗಬೇಕು ಅನ್ನುವ ಕ್ಷಣದಲ್ಲಿ ಫೀಲ್ ನೋ ಪೇನ್. ಅದು ಇಡೀ ಪೆಟ್ಟನ್ನು ತಡೆಯುವುದಿಲ್ಲ. ಹೋಗಲಿರುವ ಒಂದೊಂದು ವೂಂಡ್‌ಗೂ ಒಂದೊಂದು ದಾಳ. ಹಾಗಾಗಿ ಡ್ಯಾಮೇಜ್ 2 ಅಂದರೆ ಎರಡು ದಾಳ.

ಎಲ್ಲ ಒಟ್ಟಿಗೆ ಯಾಕೆ ಹಾಕಬಾರದು? ಹೆಚ್ಚಾದ ಡ್ಯಾಮೇಜ್ ಪಕ್ಕದವನಿಗೆ ದಾಟುವುದಿಲ್ಲ, ಅದಕ್ಕೆ. ನಿಮ್ಮ ಮೂರು ಪೆಟ್ಟನ್ನೇ ತೆಗೆದುಕೊಳ್ಳಿ. ದಾಳ ಹೀಗೆ ಬಿತ್ತು ಅಂತಿಟ್ಟುಕೊಳ್ಳೋಣ: ಮೊದಲ ಪೆಟ್ಟಿಗೆ 5, 3. ಎರಡನೆಯದಕ್ಕೆ 2, 1. ಮೂರನೆಯದಕ್ಕೆ 4, 6.

ಮೊದಲ ಪೆಟ್ಟಿನಲ್ಲಿ 5 ಉಳಿಸಿತು, 3 ಉಳಿಸಲಿಲ್ಲ. ಮೊದಲ ಮಾಡೆಲ್‌ಗೆ ಒಂದು ವೂಂಡ್ ಬಾಕಿ. ಗಾಯಗೊಂಡವನಿದ್ದರೆ ಮುಂದಿನ ಪೆಟ್ಟೂ ಅವನಿಗೇ ಹೋಗಬೇಕು, ಅದು ನಿಯಮ. ಎರಡನೇ ಪೆಟ್ಟಿನ 2 ಬಿದ್ದ ಕೂಡಲೇ ಅವನು ಸತ್ತ. ಉಳಿದ ಒಂದು ಡ್ಯಾಮೇಜ್ ಅಲ್ಲಿಗೇ ಮುಗಿಯಿತು, ಆ 1 ಬಿದ್ದ ದಾಳಕ್ಕೆ ಬೆಲೆಯೇ ಇಲ್ಲ. ಮೂರನೇ ಪೆಟ್ಟು ಎರಡನೇ ಮಾಡೆಲ್‌ಗೆ. 4 ತಪ್ಪಿತು, 6 ಉಳಿಸಿತು. ಒಟ್ಟು ಒಬ್ಬ ಸತ್ತ, ಇನ್ನೊಬ್ಬ ಒಂದು ವೂಂಡ್‌ನಲ್ಲಿ ನಿಂತಿದ್ದಾನೆ.

ಅದೇ ಆರು ದಾಳ ಒಟ್ಟಿಗೆ ಎಣಿಸಿ ನೋಡಿ. ತಪ್ಪಿದ್ದು ನಾಲ್ಕು. ನಾಲ್ಕು ವೂಂಡ್ ಅಂದರೆ ಇಬ್ಬರು ಸತ್ತರು. ದಾಳ ಅದೇ, ಒಂದು ಮಾಡೆಲ್ ಸುಮ್ನೆ ಹೋಯಿತು.

ಎರಡನೇ ಪ್ರಶ್ನೆ: ಡ್ಯಾಮೇಜ್ ಕಡಿಮೆ ಮಾಡುವುದೇ ಮೊದಲು. 3 ಇದ್ದದ್ದು 2 ಆದರೆ ಎರಡೇ ದಾಳ ಹಾಕುವುದು. ಮತ್ತೆ, ಆ ಶಕ್ತಿಯಿಂದ 1 ಡ್ಯಾಮೇಜ್ ಸೊನ್ನೆ ಆಗುವುದಿಲ್ಲ.

ಕುಂಬಳೆ_ದಾಳ:
ಈಗ ಸರಿಯಾಗಿ ತಲೆಗೆ ಹೋಯಿತು, ಥ್ಯಾಂಕ್ಸ್ ಅಣ್ಣಾ. ನಾವು ದಾಳ ಹಾಕುವುದು ಅಡಿಕೆ ಹಾಳೆಯ ತಟ್ಟೆಯಲ್ಲಿ, ಅಂಚು ಇರುವುದರಿಂದ ಮೇಜಿನಿಂದ ಹಾರಿ ಹೋಗುವುದಿಲ್ಲ. ಇನ್ನು ಮೇಲೆ ಪೆಟ್ಟಿಗೊಂದು ಬಣ್ಣದ ಜೋಡಿ ಹಾಕುತ್ತೇವೆ. ಮೊದಲು ಕೆಂಪು, ಆಮೇಲೆ ನೀಲಿ, ಆಮೇಲೆ ಬಿಳಿ ಅಂತ ಮೊದಲೇ ಹೇಳಿಕೊಂಡರೆ ಒಟ್ಟಿಗೆ ಹಾಕಿದರೂ ಕ್ರಮ ತಪ್ಪುವುದಿಲ್ಲ ಅಲ್ವಾ?

ಮುರಕಲ್ಲು_ಕೋಟೆ:
ತಪ್ಪುವುದಿಲ್ಲ. ದಾಳ ಬೀಳುವ ಮೊದಲೇ ಬಣ್ಣದ ಕ್ರಮ ಹೇಳಿರಬೇಕು, ಅಷ್ಟೇ.

ಹೊಸೂರು_ಸೇನೆ:
ಹೊಸೂರಿನಿಂದ ನಮಸ್ಕಾರ. ನಾವಿಲ್ಲಿ ಜಾಸ್ತಿ ಆಡುವುದು ಏಜ್ ಆಫ್ ಸಿಗ್ಮಾರ್. ಅಲ್ಲಿ ಈ ತಲೆನೋವೇ ಇಲ್ಲ. ಡ್ಯಾಮೇಜ್ ಎಲ್ಲಾ ಒಂದೇ ರಾಶಿಗೆ ಬೀಳುತ್ತದೆ. ಒಬ್ಬ ಸತ್ತು ಉಳಿದದ್ದು ಪಕ್ಕದವನಿಗೆ ದಾಟುತ್ತದೆ. ಫೀಲ್ ನೋ ಪೇನ್ ಜಾಗದಲ್ಲಿ ಅಲ್ಲಿ ವಾರ್ಡ್ ಅಂತ ಇದೆ. ಅದನ್ನೂ ಒಂದೊಂದು ಡ್ಯಾಮೇಜ್‌ಗೆ ಒಂದೊಂದರಂತೆ ಹಾಕುವುದೇ, ಆದರೆ ರಾಶಿಯಾಗಿ ಹಾಕಬಹುದು. ಹೇಗಿದ್ದರೂ ದಾಟುತ್ತದಲ್ಲ, ಯಾರ ಪಾಲಿನದು ಅಂತ ಬಿಡಿಸುವ ಕೆಲಸ ಇಲ್ಲ.

ನನಗಂತೂ ಇದೇ ಇಷ್ಟ. ಇಪ್ಪತ್ತು ಜನರ ಗುಂಪಿಗೆ ದೊಡ್ಡ ರಾಕ್ಷಸನೊಬ್ಬ ಬಂದು ಬಡಿದರೆ ಒಬ್ಬನೇ ಸಾಯುವುದು ಯಾವ ನ್ಯಾಯ?

ಮುರಕಲ್ಲು_ಕೋಟೆ:
ನ್ಯಾಯದ ಪ್ರಶ್ನೆಗಿಂತ, ಎರಡು ಆಟಗಳ ಉದ್ದೇಶ ಬೇರೆ ಅಂತ ನನಗೆ ಅನಿಸುತ್ತದೆ. 40ಕೆಯಲ್ಲಿ ದಾಟುವುದಿಲ್ಲ ಅನ್ನುವ ಒಂದೇ ಮಾತಿನಿಂದ ಟ್ಯಾಂಕ್ ಹೊಡೆಯುವ ಬಂದೂಕು ಬೇರೆ, ಗುಂಪು ಹೊಡೆಯುವ ಬಂದೂಕು ಬೇರೆ ಅಂತಾಯಿತು. ಲ್ಯಾಸ್‌ಕ್ಯಾನನ್ ನೋಡಿ: ಸ್ಟ್ರೆಂತ್ 12, ಎಪಿ -3 (ಎದುರಿನವನ ಆರ್ಮರ್ ಸೇವ್‌ನಿಂದ ಕಳೆಯುವ ಅಂಕಿ), ಡ್ಯಾಮೇಜ್ ಒಂದು ದಾಳ ಕೂಡಿಸು 1. ಒಂದು ವೂಂಡ್‌ನ ಸಿಪಾಯಿಗೆ ಬಿದ್ದರೆ ಒಬ್ಬನೇ ಸಾಯುತ್ತಾನೆ, ಉಳಿದ ಡ್ಯಾಮೇಜ್ ದಂಡ. ಹಾಗಾಗಿ ಸೈನ್ಯದ ಪಟ್ಟಿ ಮಾಡುವಾಗಲೇ ಯೋಚಿಸಬೇಕಾಗುತ್ತದೆ. ದಾಟುವ ಹಾಗಿದ್ದರೆ ಎಲ್ಲರೂ ದೊಡ್ಡ ಬಂದೂಕನ್ನೇ ಒಯ್ಯುತ್ತಿದ್ದರು.

40ಕೆಯಲ್ಲೂ ದಾಟುವಂಥದ್ದು ಒಂದು ಉಂಟು, ಮಾರ್ಟಲ್ ವೂಂಡ್. ಅದಕ್ಕೆ ಆರ್ಮರ್ ಸೇವೂ ಇಲ್ಲ, ಇನ್‌ವಲ್ನರಬಲ್ ಸೇವೂ (ಎಪಿಗೆ ಬಗ್ಗದ ಸೇವ್) ಇಲ್ಲ. ಫೀಲ್ ನೋ ಪೇನ್ ಮಾತ್ರ ನಡೆಯುತ್ತದೆ. 2023ರ ಜೂನ್‌ನಲ್ಲಿ 10ನೇ ಆವೃತ್ತಿ ಬಂದಾಗ ಡೆವಸ್ಟೇಟಿಂಗ್ ವೂಂಡ್ಸ್ ಇರುವ ಆಯುಧಗಳ ಪೆಟ್ಟೂ ಹೀಗೆಯೇ ದಾಟುತ್ತಿತ್ತು. ವೂಂಡ್ ರೋಲ್‌ನಲ್ಲಿ 6 ಬಿದ್ದರೆ ಸೇವ್ ಇಲ್ಲ, ಮೇಲಿಂದ ಡ್ಯಾಮೇಜ್ ಪಕ್ಕದವನಿಗೂ ಹೋಗುತ್ತದೆ. ಒಳ್ಳೊಳ್ಳೆ ಯೂನಿಟ್‌ಗಳು ಕ್ಷಣದಲ್ಲಿ ಮೇಜಿನಿಂದ ಖಾಲಿ. ಆಮೇಲೆ ಕಂಪನಿಯವರೇ ಅದನ್ನು ತಿದ್ದಿದರು. ಈಗ ಅದರ ಡ್ಯಾಮೇಜ್ ದಾಟುವುದಿಲ್ಲ. ದಾಟುವುದು, ದಾಟದಿರುವುದು ಎಷ್ಟು ದೊಡ್ಡ ವಿಷಯ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ಪಯಸ್ವಿನಿ:
ಕಾಸರಗೋಡಿನಿಂದಲೇ ಬರೆಯುತ್ತಿದ್ದೇನೆ. ಕ್ರಮ ಸರಿಯಾಗಿ ಹೇಳಿದ್ದೀರಿ. ಆ ಕ್ರಮದಿಂದ ಆಗುವ ಪರಿಣಾಮದ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ. ಫೀಲ್ ನೋ ಪೇನ್ ಜಾಸ್ತಿ ಒಳ್ಳೆಯದೋ, ಡ್ಯಾಮೇಜ್ ಒಂದು ಕಡಿಮೆ ಮಾಡುವುದು ಜಾಸ್ತಿ ಒಳ್ಳೆಯದೋ ಅಂತ ಎಲ್ಲರೂ ಕೇಳುತ್ತಾರೆ. ಎದುರಿಗಿರುವ ಆಯುಧ ಯಾವುದು ಅಂತ ಕೇಳದೆ ಇದಕ್ಕೆ ಉತ್ತರವೇ ಇಲ್ಲ.

2 ವೂಂಡ್ ಇರುವ ಮಾಡೆಲ್ ತೆಗೆದುಕೊಳ್ಳೋಣ. ಸೇವ್ ತಪ್ಪಿದ ಪೆಟ್ಟುಗಳನ್ನು ಮಾತ್ರ ಲೆಕ್ಕ ಹಾಕುತ್ತೇನೆ.

ಯಾವ ರಕ್ಷಣೆಯೂ ಇಲ್ಲದಿದ್ದರೆ ಡ್ಯಾಮೇಜ್ 1ರ ಪೆಟ್ಟು ಎರಡು ಬೇಕು. ಡ್ಯಾಮೇಜ್ 2 ಆದರೆ ಒಂದು ಸಾಕು. ಡ್ಯಾಮೇಜ್ 3 ಆದರೂ ಒಂದೇ, ಹೆಚ್ಚಿನ 1 ದಂಡ.

ಈಗ ಡ್ಯಾಮೇಜ್ ಒಂದು ಕಡಿಮೆ ಮಾಡುವ ಶಕ್ತಿ ಕೊಡಿ. ಡ್ಯಾಮೇಜ್ 1ರ ಬಂದೂಕಿಗೆ ಏನೂ ಆಗಲಿಲ್ಲ, ಮೊದಲಿನ ಹಾಗೆ ಎರಡೇ. ಡ್ಯಾಮೇಜ್ 3 ಈಗ 2 ಆಯಿತು, ಆದರೂ ಒಂದೇ ಪೆಟ್ಟಿಗೆ ಸಾಯುತ್ತಾನೆ. ನಷ್ಟವಾಗಿದ್ದು ಡ್ಯಾಮೇಜ್ 2ರ ಬಂದೂಕಿಗೆ ಮಾತ್ರ. ಒಂದು ಪೆಟ್ಟಿನ ಜಾಗದಲ್ಲಿ ಎರಡು ಬೇಕಾಯಿತು. ಹೆವಿ ಬೋಲ್ಟರ್, ಸೂಪರ್‌ಚಾರ್ಜ್ ಮಾಡಿದ ಪ್ಲಾಸ್ಮಾ, ಹೀಗೆ ಎಲ್ಲರೂ ಒಯ್ಯುವ ಡ್ಯಾಮೇಜ್ 2ರ ಆಯುಧಗಳು ಅರ್ಧಕ್ಕೆ ಇಳಿದವು.

ಅದರ ಬದಲು 5+ ಫೀಲ್ ನೋ ಪೇನ್ ಕೊಡಿ. ಡ್ಯಾಮೇಜ್ 1ರಲ್ಲಿ ಎರಡರ ಜಾಗದಲ್ಲಿ ಸರಾಸರಿ ಮೂರು ಪೆಟ್ಟು ಬೇಕು. ಡ್ಯಾಮೇಜ್ 2ರಲ್ಲಿ ಒಂದೇ ಪೆಟ್ಟಿಗೆ ಸಾಯಬೇಕಾದರೆ ಎರಡೂ ದಾಳ ತಪ್ಪಬೇಕು. ಅದು ಮೂರರಲ್ಲಿ ಎರಡರ ಮೂರರಲ್ಲಿ ಎರಡು, ಅಂದರೆ ಒಂಬತ್ತರಲ್ಲಿ ನಾಲ್ಕು. ನೂರಕ್ಕೆ 44 ಸಲ ಮಾತ್ರ. ಒಬ್ಬನನ್ನು ಕೊಲ್ಲಲು ಸರಾಸರಿ 1.7 ಪೆಟ್ಟು ಬೇಕಾಗುತ್ತದೆ. ಡ್ಯಾಮೇಜ್ 3ರಲ್ಲಿ ಮೂರು ದಾಳದಲ್ಲಿ ಎರಡು ತಪ್ಪಿದರೆ ಸಾಕು. ಅದು ಇಪ್ಪತ್ತೇಳರಲ್ಲಿ ಇಪ್ಪತ್ತು, ನೂರಕ್ಕೆ 74 ಸಲ. ಸರಾಸರಿ 1.3 ಪೆಟ್ಟು ಸಾಕು.

ಇದನ್ನು ಗಮನಿಸಿ. 5+ ಅಂದರೆ ಮೂರರಲ್ಲೊಂದು ವೂಂಡ್ ಉಳಿಯುತ್ತದೆ ಅಷ್ಟೇ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿದ್ದರೆ ಎಲ್ಲಾ ಆಯುಧಕ್ಕೂ ಒಂದೂವರೆ ಪಟ್ಟು ಪೆಟ್ಟು ಬೇಕಾಗಬೇಕಿತ್ತು. ಡ್ಯಾಮೇಜ್ 1ಕ್ಕೆ ಅದು ಸರಿ. ಡ್ಯಾಮೇಜ್ 2ಕ್ಕೆ ಅದಕ್ಕಿಂತ ಜಾಸ್ತಿ ಬೇಕು, 3ಕ್ಕೆ ಕಡಿಮೆ ಸಾಕು. ಮೊದಲು ದಂಡ ಅನಿಸಿದ್ದ ಆ ಮೂರನೇ ಡ್ಯಾಮೇಜ್ ಇಲ್ಲಿ ಕೆಲಸಕ್ಕೆ ಬಂತು. ಒಂದೇ ವೂಂಡ್ ಇರುವ ಸಿಪಾಯಿಗೆ ಡ್ಯಾಮೇಜ್ 2 ಬಿದ್ದರೆ ಇನ್ನೂ ಕಷ್ಟ. ಉಳಿಯಬೇಕಾದರೆ ಎರಡೂ ದಾಳ 5 ಅಥವಾ 6 ಬೀಳಬೇಕು, ಒಂಬತ್ತರಲ್ಲಿ ಒಂದು ಸಲ. ಅಂಥವರಿಗೆ ಫೀಲ್ ನೋ ಪೇನ್ ಇದೆ ಅಂತ ಧೈರ್ಯವಾಗಿ ಪ್ಲಾಸ್ಮಾ ಎದುರು ನಿಲ್ಲಿಸಬೇಡಿ.

ಪ್ಲೇಗ್ ಮರೀನ್‌ಗಳ ಕಥೆ ನೆನಪಿದೆಯಾ? 8ನೇ ಆವೃತ್ತಿಯಲ್ಲಿ ಅವರಿಗೆ 5+ ಇತ್ತು. 9ನೆಯದರಲ್ಲಿ ಅದೇ ಹೆಸರಿನ ಶಕ್ತಿಯನ್ನು ಡ್ಯಾಮೇಜ್ ಒಂದು ಕಡಿಮೆ ಮಾಡುವುದಕ್ಕೆ ಬದಲಾಯಿಸಿದರು. ಹೆಸರು ಅದೇ, ಆದರೆ ಅವರನ್ನು ಹೊಡೆಯುವ ಆಯುಧದ ಆಯ್ಕೆಯೇ ಬದಲಾಯಿತು. ಸಣ್ಣ ಗುಂಡು ತುಂಬಾ ಹಾರಿಸುವವರಿಗೆ ಒಳ್ಳೆಯದಾಯಿತು, ಡ್ಯಾಮೇಜ್ 2ರವರಿಗೆ ಪೆಟ್ಟಾಯಿತು. ದಾಳ ಕಡಿಮೆ ಆದದ್ದರಿಂದ ಆಟ ಬೇಗ ಸಾಗಿತು ಅನ್ನುವುದೂ ನಿಜ.

ಸೊಲ್ಲಾಪುರದವ:
ಪಯಸ್ವಿನಿ ಅಕ್ಕಾರ ಲೆಕ್ಕ ಭಾಳ ಚಲೋ ಐತಿ. ಆದರೆ ನನಗೆ ಮೊದಲಿನಿಂದಲೂ ಒಂದು ತಕರಾರು. ಒಂದು ಗುಂಡಿಗೆ ಹಿಟ್, ವೂಂಡ್, ಸೇವ್, ಡ್ಯಾಮೇಜ್, ಮೇಲೆ ಫೀಲ್ ನೋ ಪೇನ್. ಇಷ್ಟೆಲ್ಲಾ ಯಾಕ್ರೀ? ನಾವು ಇಲ್ಲಿ ಬೋಲ್ಟ್ ಆ್ಯಕ್ಷನ್ ಆಡುತ್ತೇವೆ, ಎರಡನೇ ಮಹಾಯುದ್ಧದ ಆಟ. ಹಿಟ್ ಆಯಿತೇ? ಹಾಗಾದರೆ ಒಂದೇ ಡ್ಯಾಮೇಜ್ ರೋಲ್. ಅನುಭವ ಇಲ್ಲದ ಸೈನಿಕ 3+ಗೆ ಸಾಯುತ್ತಾನೆ, ಸಾಧಾರಣದವನು 4+ಗೆ, ಪಳಗಿದವನು 5+ಗೆ. ಸೇವ್ ಅನ್ನುವುದೇ ಇಲ್ಲ. ರಕ್ಷಣೆ ಎಲ್ಲಾ ಆ ಒಂದು ಅಂಕಿಯಲ್ಲಿ ಬಂತು.

ಜೊತೆಗೆ ಪಿನ್ ನೋಡ್ರಿ. ಯಾರೂ ಸಾಯದಿದ್ದರೂ ಗುಂಡು ತಗುಲಿದ ಯೂನಿಟ್‌ಗೆ ಪಿನ್ ಬೀಳುತ್ತದೆ. ಒಂದೊಂದು ಪಿನ್‌ಗೂ ಮೊರೇಲ್ ಒಂದು ಇಳಿಯುತ್ತದೆ, ಹೇಳಿದ ಮಾತು ಕೇಳುವುದು ಕಷ್ಟವಾಗುತ್ತದೆ. ಟ್ಯಾಂಕ್ ಆದರೆ ಒಂದು ದಾಳಕ್ಕೆ ಆಯುಧದ ಪೆನ್ (ಕವಚ ಭೇದಿಸುವ ಅಂಕಿ) ಕೂಡಿಸಬೇಕು. ಮಧ್ಯಮ ಟ್ಯಾಂಕ್‌ಗೆ 9, ಭಾರೀ ಟ್ಯಾಂಕ್‌ಗೆ 10 ಮುಟ್ಟಬೇಕು. ಹಿಂದಿನಿಂದ ಹೊಡೆದರೆ ಸುಲಭ. ಯುದ್ಧ ಅಂದರೆ ಇದು ಅನಿಸುತ್ತದೆ.

ಮುರಕಲ್ಲು_ಕೋಟೆ:
ಬೋಲ್ಟ್ ಆ್ಯಕ್ಷನ್‌ನ ಪಿನ್ ನನಗೂ ಇಷ್ಟ. ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಹಂತ ಜಾಸ್ತಿ ಇರುವುದು ಸುಮ್ನೆ ಅಲ್ಲ ಸರ್. ಒಂದೊಂದು ಹಂತವೂ ಒಂದೊಂದು ಬಗೆಯ ಸೈನಿಕನನ್ನು ಕೊಡುತ್ತದೆ. ಟಫ್‌ನೆಸ್ ಜಾಸ್ತಿ ಇದ್ದು ಆರ್ಮರ್ ಇಲ್ಲದ ದೈತ್ಯ ಪ್ರಾಣಿ, ಮೈ ಮೆತ್ತಗಿದ್ದು ಇನ್‌ವಲ್ನರಬಲ್ ಇರುವ ಡೀಮನ್, ದಪ್ಪ ಕವಚದ ಟರ್ಮಿನೇಟರ್. ಮೂವರೂ ಗಟ್ಟಿಗರೇ, ಮೂವರನ್ನೂ ಕೊಲ್ಲುವ ದಾರಿ ಮಾತ್ರ ಬೇರೆ ಬೇರೆ.

ಟರ್ಮಿನೇಟರನ್ನೇ ಹತ್ತಿರದಿಂದ ನೋಡಿ. 2+ ಆರ್ಮರ್, 4+ ಇನ್‌ವಲ್ನರಬಲ್, 3 ವೂಂಡ್. ಎಪಿ -1 ಬಂದರೆ 3+. ಎಪಿ -2 ಬಂದರೆ 4+. ಎಪಿ -3 ಬಂದರೆ ಆರ್ಮರ್ 5+ ಆಗುತ್ತದೆ, ಆಗ ಅವನು ಇನ್‌ವಲ್ನರಬಲ್ ಹಿಡಿಯುತ್ತಾನೆ, ಮತ್ತೆ 4+. ಎಪಿ -4 ತಂದರೂ 4+. ಬಯಲಿನಲ್ಲಿ ನಿಂತ ಟರ್ಮಿನೇಟರ್‌ಗೆ ಎಪಿ -2ರ ಮೇಲೆ ಕೊಟ್ಟ ಪಾಯಿಂಟ್ (ಸೈನ್ಯ ಕಟ್ಟುವ ಲೆಕ್ಕದ ಬೆಲೆ) ಎಲ್ಲಾ ದಂಡ. ಆದರೆ ಅವನು ಕವರ್‌ನಲ್ಲಿದ್ದರೆ (ಗೋಡೆಯಂಥದ್ದರ ಮರೆಯಲ್ಲಿ) ಆರ್ಮರ್ ಸೇವ್‌ಗೆ 1 ಸೇರುತ್ತದೆ. ಆಗ ಎಪಿ -2ಕ್ಕೆ 3+, -3ಕ್ಕೆ 4+. ಈಗ ಆ -3ಕ್ಕೆ ಬೆಲೆ ಬಂತು! ಕವರ್ ಇನ್‌ವಲ್ನರಬಲ್‌ಗೆ ಸೇರುವುದಿಲ್ಲ. ಮತ್ತೆ 3+ ಅಥವಾ ಅದಕ್ಕಿಂತ ಒಳ್ಳೆಯ ಸೇವ್ ಇರುವವರಿಗೆ ಎಪಿ 0 ಗುಂಡಿನ ಎದುರು ಕವರ್‌ನ ಲಾಭ ಇಲ್ಲ. ಇದನ್ನು ತುಂಬಾ ಜನ ಮರೆಯುತ್ತಾರೆ.

ನಮ್ಮ ಮೇಜಿಗೆ ಬೇಕಲ ಕೋಟೆಯ ಬುರುಜಿನ ಹಾಗೆ ಥರ್ಮಾಕೋಲ್‌ನಲ್ಲಿ ಗೋಡೆ ಮಾಡಿ, ಮುರಕಲ್ಲಿನ ಬಣ್ಣ ಬಳಿದು, ತೂತುಗಳನ್ನೂ ಕೊರೆದಿದ್ದೇವೆ. ಆ ಗೋಡೆ ಬಂದ ಮೇಲೆ ಆಟದ ರೀತಿಯೇ ಬದಲಾಯಿತು. ಖಾಲಿ ಮೇಜಿನಲ್ಲಿ ಆಡಿ ಈ ಆಯುಧ ಸರಿ ಇಲ್ಲ, ಆ ಯೂನಿಟ್ ಸರಿ ಇಲ್ಲ ಅನ್ನುವವರು ಮೊದಲು ನಾಲ್ಕು ಗೋಡೆ ಮಾಡಿಕೊಳ್ಳಲಿ.

ಹಳಬರಿಗೆ ನೆನಪಿರಬಹುದು, ಮೊದಲು ಎಪಿ ಹೀಗಿರಲಿಲ್ಲ. 1998ರಲ್ಲಿ ಬಂದ 3ನೇ ಆವೃತ್ತಿಯಿಂದ 7ನೆಯದರವರೆಗೆ ಅದು ಹೌದು ಇಲ್ಲವೇ ಅಲ್ಲ ಅನ್ನುವ ಲೆಕ್ಕ. ಎಪಿ 3ರ ಆಯುಧಕ್ಕೆ 3+ ಆರ್ಮರ್ ಇದ್ದೂ ಇಲ್ಲದ ಹಾಗೆ. ಎಪಿ 4 ಆದರೆ ಅದೇ ಆರ್ಮರ್ ಪೂರ್ತಿ ನಿಲ್ಲುತ್ತಿತ್ತು. ಸ್ಟ್ರೆಂತ್ ಟಫ್‌ನೆಸ್‌ನ ಎರಡು ಪಟ್ಟು ಇದ್ದರೆ ಎಷ್ಟು ವೂಂಡ್ ಇದ್ದರೂ ಒಂದೇ ಪೆಟ್ಟಿಗೆ ಸಾವು, ಫೀಲ್ ನೋ ಪೇನ್ ಕೂಡ ನಡೆಯುತ್ತಿರಲಿಲ್ಲ. 2017ರ 8ನೇ ಆವೃತ್ತಿಯಲ್ಲಿ ಎಪಿಯನ್ನು ಸೇವ್‌ನಿಂದ ಕಳೆಯುವ ಲೆಕ್ಕ ಮಾಡಿದರು, ಆಯುಧಗಳಿಗೆ ಡ್ಯಾಮೇಜ್ ಅಂಕಿ ಕೊಟ್ಟರು. ನನ್ನ ಮಟ್ಟಿಗೆ ಆ ಬದಲಾವಣೆ ಒಳ್ಳೆಯದೇ. ಈಗ ಒಂದೊಂದು ಅಂಕಿಗೂ ಬೆಲೆ ಇದೆ.

ಸೊಲ್ಲಾಪುರದವ:
ಒಪ್ಪಿದೆ. ಸೈನಿಕರಲ್ಲಿ ಅಷ್ಟು ಬಗೆ ಬೇಕು ಅಂದರೆ ಅಷ್ಟು ಹಂತ ಬೇಕು. ನನಗೆ ಅಷ್ಟು ಬಗೆ ಬೇಡ, ಎಲ್ಲರೂ ಮನುಷ್ಯರೇ ಇರುವ ಯುದ್ಧ ಸಾಕು.

ಮಂಜೇಶ್ವರ_ಹೊಸಬ:
ಓದುತ್ತಾ ಕೂತಿದ್ದೆ, ಒಂದು ಕೇಳಲಾ? ನಾನು ಈಗಷ್ಟೇ ಶುರು ಮಾಡುವವನು. ಒಂದು ಸೈನ್ಯದ ಬೆಲೆ ಕೇಳಿಯೇ ಮನೆಯಲ್ಲಿ ಬೇಡ ಅಂದರು. ಇಷ್ಟು ನಿಯಮ, ಇಷ್ಟು ದುಡ್ಡು ಇಲ್ಲದೆ ಇದನ್ನು ಕಲಿಯುವ ದಾರಿ ಏನಾದರೂ ಉಂಟಾ ಅಕ್ಕಾ?

ಪಯಸ್ವಿನಿ:
ಉಂಟು ತಮ್ಮಾ. ಒನ್ ಪೇಜ್ ರೂಲ್ಸ್ ಅವರ ಗ್ರಿಮ್‌ಡಾರ್ಕ್ ಫ್ಯೂಚರ್ ನೋಡು. ಮೂಲ ನಿಯಮಗಳು ಉಚಿತ. ಯಾವ ಗೊಂಬೆ ಇಟ್ಟು ಆಡಿದರೂ ಆಗುತ್ತದೆ. ಕಾಗದದಲ್ಲಿ ಚಿತ್ರ ಪ್ರಿಂಟ್ ಹಾಕಿ, ರಟ್ಟಿಗೆ ಅಂಟಿಸಿ ನಿಲ್ಲಿಸಿದರೂ ಸಾಕು. ಹೊಡೆಯುವವನು ಕ್ವಾಲಿಟಿ ಅಂಕಿಗೆ ದಾಳ ಹಾಕುತ್ತಾನೆ, ತಿನ್ನುವವನು ಡಿಫೆನ್ಸ್ ಅಂಕಿಗೆ. ಎರಡೇ ಹಂತ, ವೂಂಡ್ ರೋಲ್ ಇಲ್ಲ.

ಆದರೆ ನಾವು ಇಲ್ಲಿ ಮಾತಾಡಿದ್ದೆಲ್ಲಾ ಅಲ್ಲೂ ಸಣ್ಣದಾಗಿ ಇದೆ. ರೀಜನರೇಷನ್ ಇದ್ದರೆ ಒಂದೊಂದು ವೂಂಡ್‌ಗೂ ಒಂದು ದಾಳ, 5+ ಬಂದರೆ ಉಳಿಯಿತು. ಡೆಡ್ಲಿ 3 ಇರುವ ಆಯುಧದ ಒಂದು ವೂಂಡ್ ಮೂರಾಗುತ್ತದೆ, ಆದರೆ ಆ ಮೂರೂ ಒಬ್ಬನಿಗೇ, ಪಕ್ಕದವನಿಗೆ ದಾಟುವುದಿಲ್ಲ. ಅದಕ್ಕೇ ಡೆಡ್ಲಿಯನ್ನು ಮೊದಲು ಮುಗಿಸಬೇಕು ಅಂತ ನಿಯಮ. ಅದನ್ನು ಆಡಿ ಕಲಿತರೆ 40ಕೆಯ ಕ್ರಮ ನಿನಗೆ ಬೇಗ ಹಿಡಿಯುತ್ತದೆ. ಆಟಿ ತಿಂಗಳ ಮಳೆಗೆ ಮನೆಯವರು ಚೆನ್ನೆಮಣೆ ತೆಗೆಯುವ ಹೊತ್ತಿಗೆ ಪಕ್ಕದಲ್ಲಿ ಇದನ್ನೂ ಹರಡು. ಅವರೂ ಬಂದು ಕೂರುತ್ತಾರೆ.

ಮಂಜೇಶ್ವರ_ಹೊಸಬ:
ಇವತ್ತೇ ಡೌನ್‌ಲೋಡ್ ಮಾಡುತ್ತೇನೆ ಅಕ್ಕಾ.

ಹೊಸೂರು_ಸೇನೆ:
40ಕೆ ಆಡುವವರಿಗೆ ಒಂದು ಪ್ರಶ್ನೆ. ಡ್ಯಾಮೇಜ್ ಅರ್ಧ ಮಾಡುವ ಶಕ್ತಿ ಕೆಲವರಿಗಿದೆ, ಸಿ'ಟಾನ್‌ಗಳಿಗೆ ಇರುವ ಹಾಗೆ. ಅಂಥವರಿಗೆ ಮೆಲ್ಟಾ ಹೊಡೆದರೆ ಲೆಕ್ಕ ಹೇಗೆ? ಮೆಲ್ಟಾಗನ್‌ಗೆ ಅರ್ಧ ದೂರದೊಳಗೆ ಡ್ಯಾಮೇಜ್‌ಗೆ 2 ಸೇರುತ್ತದಲ್ಲ.

ಮುರಕಲ್ಲು_ಕೋಟೆ:
ಭಾಗಿಸುವುದು ಮೊದಲು, ಕೂಡಿಸುವುದು ಆಮೇಲೆ, ಕಳೆಯುವುದು ಅದಕ್ಕೂ ಆಮೇಲೆ. ಎಲ್ಲಾ ಮುಗಿದ ಮೇಲೆ ಭಿನ್ನ ಉಳಿದರೆ ಮೇಲಕ್ಕೆ ಪೂರ್ಣ ಮಾಡುವುದು. ಮೆಲ್ಟಾದಲ್ಲಿ ದಾಳ 6 ಬಿತ್ತು ಅಂದರೆ ಅರ್ಧ 3, ಕೂಡಿಸು 2, ಒಟ್ಟು 5. ಮೊದಲು ಕೂಡಿಸಿ ಆಮೇಲೆ ಅರ್ಧ ಮಾಡಿದ್ದರೆ 4 ಆಗುತ್ತಿತ್ತು. ಅಂಥವರ ಹತ್ತಿರ ಹೋಗಿ ಮೆಲ್ಟಾ ಹೊಡೆಯುವುದು ಒಳ್ಳೆ ಉಪಾಯ. ಹತ್ತಿರ ಹೋಗುವಷ್ಟು ಹೊತ್ತು ಬದುಕಿರಬೇಕು.

ಇದಕ್ಕೂ ಆಯುಧ ನೋಡಬೇಕು. ಡ್ಯಾಮೇಜ್ 3ಕ್ಕೆ ಅರ್ಧ ಅಂದರೆ ಒಂದೂವರೆ, ಮೇಲಕ್ಕೆ 2. ಒಂದು ಕಡಿಮೆ ಮಾಡಿದರೂ 2. ಅಲ್ಲಿ ಎರಡೂ ಒಂದೇ. ಡ್ಯಾಮೇಜ್ 6 ಆದರೆ ಅರ್ಧ 3, ಒಂದು ಕಡಿಮೆ ಮಾಡಿದರೆ 5. ದೊಡ್ಡ ಪೆಟ್ಟಿಗೆ ಅರ್ಧ ಮಾಡುವುದೇ ದೊಡ್ಡ ರಕ್ಷಣೆ.

ಕುಂಬಳೆ_ದಾಳ:
ಕೊನೆಯದಾಗಿ ಒಂದು. ನಮ್ಮ ಆ ಯೂನಿಟ್‌ಗೆ 5+ ಫೀಲ್ ನೋ ಪೇನ್ ಬಂದದ್ದು ಅದರ ಜೊತೆ ಸೇರಿದ ಲೀಡರ್‌ನಿಂದ. ಲೀಡರ್‌ನ ಟಫ್‌ನೆಸ್ 4, ಉಳಿದವರದ್ದು 5. ವೂಂಡ್ ರೋಲ್‌ಗೆ ಯಾವುದು? ಮತ್ತೆ ಅವನನ್ನೇ ಗುರಿ ಮಾಡಿ ಹೊಡೆಯಬಹುದಾ?

ಪಯಸ್ವಿನಿ:
ಟಫ್‌ನೆಸ್ ಅಂಗರಕ್ಷಕರದ್ದು, 5. ಅವರಲ್ಲಿ ಒಬ್ಬನಾದರೂ ಇರುವವರೆಗೆ ಪೆಟ್ಟನ್ನು ಲೀಡರ್‌ಗೆ ಹಂಚುವ ಹಾಗಿಲ್ಲ. ಪ್ರಿಸಿಷನ್ ಇರುವ ಆಯುಧ ಮಾತ್ರ ಬೇರೆ. ಅದರಲ್ಲಿ ವೂಂಡ್ ಆಗಿ, ಲೀಡರ್ ಕಣ್ಣಿಗೆ ಕಾಣುತ್ತಿದ್ದರೆ, ಪೆಟ್ಟನ್ನು ಅವನಿಗೇ ಕೊಡಬಹುದು. ಆಗ ಸೇವ್ ಅವನದ್ದೇ ಅಂಕಿಯಲ್ಲಿ.

ನಿಮ್ಮ ಎದುರಾಳಿ ಇದನ್ನು ಓದುತ್ತಿದ್ದರೆ ಅವರಿಗೂ ಹೇಳುತ್ತೇನೆ: ಲೀಡರ್ ಹೋದರೆ ಅವನಿಂದ ಬಂದ ಫೀಲ್ ನೋ ಪೇನ್ ಕೂಡ ಹೋಗುತ್ತದೆ. ಮೊದಲು ಪ್ರಿಸಿಷನ್ ಇರುವ ಯೂನಿಟ್‌ನಿಂದ ಅವನನ್ನು ತೆಗೆಯಿರಿ, ಆಮೇಲೆ ಬೇರೆ ಯೂನಿಟ್‌ನ ಡ್ಯಾಮೇಜ್ 2ರ ಬಂದೂಕು ಹಾರಿಸಿ. ಆಗ ಆ ನೂರಕ್ಕೆ 44 ಮತ್ತೆ ನೂರಕ್ಕೆ ನೂರು ಆಗುತ್ತದೆ.

ಕುಂಬಳೆ_ದಾಳ:
ಅವರು ಓದುತ್ತಿದ್ದಾರೆ ಅಕ್ಕಾ, ಈಗಷ್ಟೇ ಮೆಸೇಜ್ ಬಂತು. ಮುಂದಿನ ಭಾನುವಾರ ಲೀಡರನ್ನು ಗೋಡೆಯ ಹಿಂದೆ, ಯಾರಿಗೂ ಕಾಣದ ಹಾಗೆ ನಿಲ್ಲಿಸುತ್ತೇನೆ.